ಹಾಡದ ಹೇಸರಗತ್ತೆ

ಮಾರ್ಚ್ 5, ಬುಧವಾರ, ಸಂಜೆ

ಕೀ ಕತ್ತರಿಸುವ ಮಿಷನ್ನಿನ ಬ್ಲೇಡು ಮತ್ತೆ ಮೊಂಡು. ಹೊಸದು ಹಾಕಿಸಿ ತಿಂಗಳಾಗಿಲ್ಲ. ಮಾರಿದವನನ್ನು ಕೇಳಿದರೆ “ನಿಮ್ಮ ಕೈ ಭಾರ ಯಜಮಾನ್ರೇ” ಎನ್ನುತ್ತಾನೆ. ಇವನ ಮಾಲು ಹಗುರ ಅಂತ ಬಾಯಿಬಿಟ್ಟು ಹೇಳಲಿ.

ಹಲ್ಲಿನ ಸಂದಿಯೂ ನೋವು. ಬಲಗಡೆಯ ದವಡೆ ಹಲ್ಲು ಕೀಳಿಸಿದ ಮೇಲೆ ಎಲ್ಲ ಅಗಿತವೂ ಎಡಗಡೆಗೇ. ಕೆಲಸ ಮಾಡುವಾಗ ಕಚ್ಚಿಕೊಳ್ಳುವ ಬೆಂಕಿಕಡ್ಡಿ ಕೂಡ.

ಎದುರಿಗೆ ಸಿನಿಮಾ ಹಾಲಿನ ಗೋಡೆಗೆ ಹೊಸ ಪೋಸ್ಟರು ಅಂಟಿಸಿದರು. ಕಬ್ಬಿಣದ ಅಂಗಿ ತೊಟ್ಟ ಸರದಾರರು, ಕೈಯಲ್ಲಿ ಕತ್ತಿ, ಎಲ್ಲರ ಬಾಯೂ ಕಿವಿತನಕ ತೆರೆದಿದೆ. ಯುದ್ಧಕ್ಕೆ ಹೊರಟವರೋ, ಹಲ್ಲಿನ ಡಾಕ್ಟರ ಹತ್ತಿರ ಹೊರಟವರೋ ತಿಳಿಯದು. ಕಾರ್ಟೂನ್ ಸಿನಿಮಾ. ಮಗಳು ನಾಲ್ಕು ವರ್ಷ ದೂರದ ಊರಿನ ಸ್ಟುಡಿಯೋದಲ್ಲಿ ಕೂತು ಇದಕ್ಕೇ ಚಿತ್ರ ಬರೆದಳು. ಈಗ ರಜೆ ಹಾಕಿ ಬಂದಿದ್ದಾಳೆ, ನಮ್ಮ ಜೊತೆಗೇ ನೋಡಬೇಕಂತೆ. ಇದರಲ್ಲಿ ನೀನು ಬರೆದದ್ದು ಯಾವುದು ಎಂದೆ.

“ನೀವೇ ಹುಡುಕಿ ಅಪ್ಪಾ” ಎಂದಳು.

ಹುಡುಕುವುದಕ್ಕೆ ಅದೇನು ಕೆಳಗೆ ಬಿದ್ದ ಸ್ಕ್ರೂವೇ?


ಮಾರ್ಚ್ 7, ಶುಕ್ರವಾರ

ಥೂ.

ಇಂಟರ್ವಲ್‌ಗೇ ಎದ್ದು ಬಂದೆ. ಇದಕ್ಕಿಂತ ಬ್ಲೇಡು ಮಸೆಯುವ ಸದ್ದು ಕೇಳಿಕೊಂಡು ಕೂರಬಹುದು. ಕಾಲಡಿ ನೆಲವೆಲ್ಲ ಅಂಟಂಟು, ಯಾರೋ ಚೆಲ್ಲಿದ ಸಿಹಿನೀರು. ಪಕ್ಕದವನ ಪಾಪ್‌ಕಾರ್ನ್ ನನ್ನ ಅಂಗಿಯೊಳಗೆ. ಮುಂದೆ ಪರದೆಯ ಮೇಲೆ ಆ ಗಂಡಸರು. ಕೋಟೆಗೆ ಬೆಂಕಿ ಬಿದ್ದಿದೆ — ಹಾಡು. ರಾಜ ಸಾಯುತ್ತಿದ್ದಾನೆ — ಹಾಡು. ಸಾಯುವವನೂ ಹಾಡುತ್ತಾನೆ, ಅದೂ ಎರಡು ಸಲ! ಕುದುರೆಗಳಿಗೆ ಮದುಮಗಳ ಹಾಗೆ ರೆಪ್ಪೆ. ಒಬ್ಬ ಸರದಾರ ಕತ್ತಿಯನ್ನೇ ತಬ್ಬಿಕೊಂಡು ಅಳುತ್ತಾನೆ, ಅದಕ್ಕೆ ಹಿಂದಿನ ಸಾಲಿನವರು ಮೂಗು ಸೀಟುತ್ತಾರೆ. ಮೈಯೆಲ್ಲ ಜಿರಲೆ ಹರಿದ ಹಾಗಾಯಿತು.

ತಾಯಿ ಮಗಳು ಕೂತೇ ಇದ್ದರು. ನಾನು ಬಂದು ಅಂಗಡಿ ತೆರೆದೆ.

ಸಿನಿಮಾ ಬಿಟ್ಟ ಮೇಲೆ ಮಗಳು ನೇರ ಅಂಗಡಿಗೇ ಬಂದಳು. ಮುಖದಲ್ಲಿ ನಗು.

“ಹೆಂಗಿತ್ತಪ್ಪಾ?”

“ಥೂ” ಎಂದೆ. ಕೇಳಿದ್ದಕ್ಕೆ ಹೇಳಿದೆ.

“ಎಲ್ಲಿವರೆಗೆ ನೋಡಿದ್ರಿ?”

“ವಾಕರಿಕೆ ಬರೋವರೆಗೆ.”

ಬಂದ ಕಾಲಲ್ಲೇ ತಿರುಗಿದಳು. ಮನೆಗೆ ಹೋದಳು. ರಾತ್ರಿ ಊಟಕ್ಕೂ ರೂಮಿನಿಂದ ಬರಲಿಲ್ಲ. ಸಿಟ್ಟು ಬಂದಿದ್ದರೆ ಬರಲಿ. ಅಪ್ಪನ ಮುಂದೆ ಕೇಳಿದರೆ ಅಪ್ಪನ ಉತ್ತರವೇ ಸಿಗುವುದು.


ಮಾರ್ಚ್ 8, ಶನಿವಾರ

ಸಿನಿಮಾ ಹಾಲಿನ ಹೊರಬಾಗಿಲು ತೆರೆಯುವುದು ನನ್ನ ಅಂಗಡಿಯ ಮುಖಕ್ಕೇ. ಪ್ರತಿ ಆಟ ಬಿಟ್ಟಾಗಲೂ ಊರಿನ ಬಾಯೆಲ್ಲ ಇಲ್ಲೇ ಸುರಿಯುತ್ತದೆ, ಚರಂಡಿ ಬಾಯಿ ತೆಗೆದ ಹಾಗೆ.

ಕಾಲೇಜಿನ ಹುಡುಗ — “ಟೈಮ್ ವೇಸ್ಟ್ ಗುರೂ. ಡ್ರ್ಯಾಗನ್ ಬರುತ್ತೆ ಅಂದ್ರು, ಬಂದು ಅದೂ ಹಾಡ್ತು.”

ಅವನ ಜೊತೆಯ ಹುಡುಗಿ — “ನಿಂಗೆ ಕಿವಿಯೇ ಇಲ್ಲ ಬಿಡು. ಮ್ಯೂಸಿಕ್ ಸೂಪರ್.”

ದಪ್ಪ ಕನ್ನಡಕದ ಮಾಸ್ತರರು — “ಆ ಕಾಲದಲ್ಲಿ ಅಂಥಾ ಟೊಪ್ಪಿಗೆ ಇರಲೇ ಇಲ್ಲ.” ಟೊಪ್ಪಿಗೆಯೊಂದೇ ಕಂಡಿದೆ ಇವರಿಗೆ!

ಒಬ್ಬ ತಾಯಿ, ಕಂಕುಳಲ್ಲಿ ಅಳುವ ಕೂಸು — “ದುಡ್ಡು ಕೊಟ್ಟು ಮಗು ಅಳಿಸ್ದಂಗಾಯ್ತು.”

ಒಬ್ಬ ಮುದುಕಿಗೆ ಎಲ್ಲವೂ ಚೆಂದ. ಎಲ್ಲವೂ ಚೆಂದ ಎನ್ನುವವರನ್ನು ಕಂಡರೆ ನನಗೆ ಬೈಯುವವರಿಗಿಂತ ಹೆಚ್ಚು ಅಸಹ್ಯ.

ನಾನು ತಲೆಯಾಡಿಸುತ್ತ ಕೀ ಉಜ್ಜಿದೆ. ಹೌದು, ದರಿದ್ರ. ಹೌದು, ತಲೆನೋವು. ಒಂದು ಮಾತು ಮಾತ್ರ ಅರ್ಥವಾಗಲಿಲ್ಲ. ನಾಲ್ಕಾರು ಮಂದಿ “ಆ ಹೇಸರಗತ್ತೆ, ಆ ಹೇಸರಗತ್ತೆ” ಎಂದು ಹೊಟ್ಟೆ ಹಿಡಿದುಕೊಂಡು ಹೋದರು. ನಾನು ನೋಡಿದ್ದು ಬರೀ ಕುದುರೆ. ಯಾರನ್ನು ಬೈಯುತ್ತಾರೋ.


ಮಾರ್ಚ್ 11, ಮಂಗಳವಾರ, ಬೆಳಿಗ್ಗೆ

ಮಗಳು ರೂಮಿನಲ್ಲೇ. ಫೋನಿನಲ್ಲಿ ಜನ ಬರೆದದ್ದನ್ನೆಲ್ಲ ಓದುತ್ತಾಳಂತೆ. ಒಬ್ಬ ಐದು ನಕ್ಷತ್ರ, ಒಬ್ಬ ಅರ್ಧ. ಆಕಾಶವೇನು ಇವರಪ್ಪನ ಮನೆ ಆಸ್ತಿಯೇ, ಹಂಚುವುದಕ್ಕೆ?

ಹೆಂಡತಿ ಕಾಫಿಯ ಲೋಟ ಟೇಬಲ್ಲಿಗೆ ಕುಕ್ಕಿದಳು. ಕುಕ್ಕಿದರೆ ಸುದ್ದಿ ಇದೆ ಎಂದರ್ಥ. ಸ್ಟುಡಿಯೋದವರು ಮುಂದಿನ ಸಿನಿಮಾಕ್ಕೂ ಮಗಳನ್ನು ಕರೆದಿದ್ದಾರೆ. ಬರುತ್ತೀನೋ ಇಲ್ಲವೋ ಅಂತ ಸೋಮವಾರದೊಳಗೆ ಹೇಳಬೇಕು. ಇವಳು ಇಲ್ಲ ಎನ್ನುತ್ತಾಳಂತೆ. ಚಿತ್ರ ಬರೆಯುವುದೇ ಬಿಡುತ್ತಾಳಂತೆ. ಸೋಪಿನ ಫ್ಯಾಕ್ಟರಿಯಲ್ಲಿ ಆಫೀಸು ಕೆಲಸ ಇದೆಯಂತೆ.

“ಊರೆಲ್ಲ ಬೈದಿದೆ. ನನ್ನೊಬ್ಬನ ಮೇಲೆ ಯಾಕೆ ಗೂಬೆ ಕೂರಿಸ್ತೀಯ?”

“ಊರು ಸುಳ್ಳೂ ಹೇಳುತ್ತೆ, ನಿಜಾನೂ ಹೇಳುತ್ತೆ. ನೀವು ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿಲ್ಲವಲ್ಲ, ಹಾಳು ಬಾಯಿ. ಅದಕ್ಕೇ ಅವಳಿಗೆ ನಿಮ್ಮದೇ ತಾಗಿದ್ದು.”

“ಅಷ್ಟು ಚೆನ್ನಾಗಿದ್ದರೆ ನನಗೂ ಕಾಣುತ್ತಿತ್ತು.”

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ” ಎಂದವಳು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು. ಹೆಗಲು ಕುಣಿಯಿತು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು! ಮಗಳು ಮೂಲೆ ಹಿಡಿದಿರುವಾಗ ಈಕೆಗೆ ನಗು. ಈ ಮನೆಯಲ್ಲಿ ತಲೆ ಕೆಡದೆ ಇರುವವನು ನಾನೊಬ್ಬನೇ.


ಮಾರ್ಚ್ 12, ಬುಧವಾರ

ಜಗಳ. ಪೇಟೆಯೆಲ್ಲ ನಿಂತು ನೋಡಿತು.

ಮ್ಯಾಟಿನಿ ಬಿಟ್ಟಿತ್ತು. ಕೋಟು ತೊಟ್ಟವನೊಬ್ಬ, ಮೈತುಂಬ ಸೆಂಟು, ಕಾರಿನ, ಬೀರುವಿನ, ಮನೆಯ ಕೀಗಳನ್ನೆಲ್ಲ ಒಂದೇ ಗೊಂಚಲು ಮಾಡಿಕೊಂಡಿದ್ದಾನೆ. ಒಂದಕ್ಕೆ ಡೂಪ್ಲಿಕೇಟ್ ಬೇಕು. ನಾನು ಮಿಷನ್ನಿಗೆ ಕೊಟ್ಟೆ. ಅವನು ಫೋನಿನಲ್ಲಿ —

“ಗಲೀಜು ಕಣೋ. ಇದನ್ನ ಬರೆದೋರ ಬೆರಳು ಮುರೀಬೇಕು.”

ಮಿಷನ್ ನಿಲ್ಲಿಸಿದೆ. ಅರ್ಧ ಕತ್ತರಿಸಿದ ಕೀ ಅವನ ಕೈಗೇ ಇಟ್ಟೆ.

“ಇದೇನ್ರೀ ಇದು, ಅರ್ಧ?”

“ನಿನ್ನ ಬುದ್ಧಿಗೆ ಅಷ್ಟೇ ಸಾಕು. ಯಾರ ಬೆರಳು ಮುರೀತೀಯ? ಮುರಿ ನೋಡೋಣ.”

“ಸಿನಿಮಾದ ವಿಷಯ ಹೇಳಿದೆ ಯಜಮಾನ್ರೇ. ನಿಮಗ್ಯಾಕೆ ಉರಿ? ನಿಮಗೆ ಚೆನ್ನಾಗಿತ್ತಾ?”

“ನನಗೆ ವಾಕರಿಕೆ ಬಂತು! ನಾನು ಬೈತೀನಿ. ನಾನು ಬೈಬೇಕು. ನೀನು ಯಾವ ಸೀಮೆ ದೊಣ್ಣೆನಾಯಕ?”

ಅವನು ನನಗೆ ಹುಚ್ಚು ಎಂದುಕೊಂಡು ಹೋದ. ಹೋಗಲಿ. ಸೆಂಟಿನ ನಾತ ಮಾತ್ರ ಸಂಜೆತನಕ ಹೋಗಲಿಲ್ಲ.

ಎರಡೂ ಕೈಯಲ್ಲಿ ಬೀಗದ ಪೆಟ್ಟಿಗೆ ಹೊತ್ತು ಒಳಕೋಣೆಯ ಬಾಗಿಲನ್ನು ಹಿಮ್ಮಡಿಯಲ್ಲಿ ಒದ್ದು ತೆರೆದೆ, ದಿನವೂ ಮಾಡುವ ಹಾಗೆ. ಕೀ ಕೊಳ್ಳಲು ನಿಂತಿದ್ದ ನರ್ಸಮ್ಮ ಕಿಸಕ್ಕನೆ ನಕ್ಕಳು.

“ಏನಮ್ಮ?”

“ಏನಿಲ್ಲ ಅಂಕಲ್, ಆ ಸಿನಿಮಾದ ಹೇಸರಗತ್ತೆ ನೆನಪಾಯ್ತು.”

“ಯಾವ ಹೇಸರಗತ್ತೆ? ನಾನು ಕಾಣಲಿಲ್ಲವಲ್ಲ.”

“ಇಂಟರ್ವಲ್ ಆದ್ಮೇಲೆ ಬರುತ್ತಲ್ಲಾ!” ಎಂದವಳು ನನ್ನ ಬಾಯಿಯ ಬೆಂಕಿಕಡ್ಡಿ ನೋಡಿದಳು. ಮುಖ ನೋಡಿದಳು. ಕೀ ತೆಗೆದುಕೊಳ್ಳದೆ ಬಾಯಿ ಮುಚ್ಚಿಕೊಂಡು ಓಡಿದಳು.

ಇಂಟರ್ವಲ್ ಆದ ಮೇಲೆ.


ಮಾರ್ಚ್ 13, ಗುರುವಾರ

ನಾಳೆ ಹಾಲಿನಿಂದ ಈ ಸಿನಿಮಾ ತೆಗೆಯುತ್ತಾರೆ. ಇವತ್ತು ಹೋದೆ. ಮನೆಯಲ್ಲಿ ಹೇಳಲಿಲ್ಲ.

ಗೇಟಿನವನು ಹಲ್ಲು ಕಿರಿದ. “ಅರ್ಧ ನೋಡಿದ್ರೂ ಪೂರ್ತಿ ಟಿಕೆಟ್ಟೇ ಅಜ್ಜಾ.”

“ಪೂರ್ತಿ ನೋಡಿದವರಿಗೆ ನೀನೇ ಕೊಡಬೇಕು ದುಡ್ಡು” ಎಂದೆ.

ಮೊದಲರ್ಧ ಹೊರಗೆ ಬೆಂಚಿನ ಮೇಲೆ ಕಿವಿಗೆ ಬೆರಳಿಟ್ಟು ಕೂತೆ. ಆಮೇಲೆ ಒಳಗೆ.

ಬಂತು. ಸರದಾರರ ಸಾಮಾನು ಹೊರುವ ಮುದಿ ಹೇಸರಗತ್ತೆ. ಕುತ್ತಿಗೆಯಲ್ಲಿ ಕೋಟೆಯ ಕೀಗಳ ಗೊಂಚಲು. ಬಾಯಲ್ಲಿ ಒಂದು ಹುಲ್ಲುಕಡ್ಡಿ, ಕಟಕಟ ಅಗಿಯುತ್ತದೆ. ಇಡೀ ದಂಡು ಹಾಡುತ್ತದೆ, ಇದು ಹಾಡುವುದಿಲ್ಲ. ಯಾರಾದರೂ ರಾಗ ಎಳೆದರೆ ಒಂದು ಕಿವಿ ಮಡಿಚಿ, ಮೂಗು ಮೇಲೆತ್ತಿ, ಮುಖ ಆ ಕಡೆ. ಆ ಮೂಗು. ದಿನಾ ಶೇವ್ ಮಾಡುವಾಗ ಕನ್ನಡಿಯಲ್ಲಿ ಕಾಣುವ ಮೂಗು.

ಕೋಟೆಯ ಬಾಗಿಲು ಮುಚ್ಚಿದೆ. ಹೊರಗೆ ಮಳೆ. ಸರದಾರರು ಬಾಗಿಲ ಮುಂದೆ ಮಂಡಿಯೂರಿ ತೆರೆ ತೆರೆ ಅಂತ ದೊಡ್ಡ ಹಾಡು ಹಾಡುತ್ತಾರೆ. ಮುಗಿಯುವುದೇ ಇಲ್ಲ. ಹೇಸರಗತ್ತೆ ಕೇಳಿತು, ಕೇಳಿತು, ಅದಕ್ಕೂ ಹೇಸಿಗೆ ಆಯಿತು. ಬೆನ್ನು ತಿರುಗಿಸಿ ಹಿಂಗಾಲಿನ ಹಿಮ್ಮಡಿಯಲ್ಲಿ ಒಂದು ಒದೆ ಕೊಟ್ಟಿತು. ಬಾಗಿಲು ತೆರೆಯಿತು. ಬೀಗವೇ ಹಾಕಿರಲಿಲ್ಲ.

ಹಾಲೆಲ್ಲ ಚಪ್ಪಾಳೆ. ಅಳುತ್ತಿದ್ದ ಒಂದು ಕೂಸು ಕೂಡ ನಕ್ಕಿತು. ನನ್ನ ಹಿಂದಿನವನು “ಈ ಸಿನಿಮಾದಲ್ಲಿ ಮಾನವಂತ ಇದೊಂದೇ” ಎಂದ.

ನಾನು ಕತ್ತಲಲ್ಲಿ ಕೂತೇ ಇದ್ದೆ. ಹೆತ್ತ ಮಗಳು ಅಪ್ಪನನ್ನು ಕತ್ತೆ ಮಾಡಿ, ಊರೂರಿಗೆ ಕಳಿಸಿ, ಟಿಕೆಟ್ ಇಟ್ಟು ತೋರಿಸಿದ್ದಾಳೆ. ಹೆಂಡತಿಗೆ ಗೊತ್ತು. ನರ್ಸಮ್ಮನಿಗೆ ಗೊತ್ತು. ಗೇಟಿನವನಿಗೂ ಗೊತ್ತು, ಅದಕ್ಕೇ ಆ ಕಿರಿತ.

ಮೈ ಉರಿಯಿತು. ಜೊತೆಗೆ ನಗು ಬೇರೆ ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು.


ಮಾರ್ಚ್ 16, ಭಾನುವಾರ

ಬರೆಯಲಿಲ್ಲ. ಬರೆಯುವುದಕ್ಕೆ ಏನಿತ್ತು? ಎರಡು ದಿನ ಮಗಳ ರೂಮಿನ ಮುಂದೆ ಓಡಾಡಿದೆ. ಚೆನ್ನಾಗಿತ್ತು ಎನ್ನಲು ನಾಲಿಗೆ ಏಳುವುದಿಲ್ಲ. ಸಿನಿಮಾ ಚೆನ್ನಾಗಿಲ್ಲ. ಅದು ದರಿದ್ರವೇ. ಒಂದು ಹೇಸರಗತ್ತೆಗೋಸ್ಕರ ಆ ಹಾಡುಗಳನ್ನೆಲ್ಲ ಕ್ಷಮಿಸುವುದು ನನ್ನಿಂದಾಗದು. ಸುಳ್ಳು ಹೇಳಿದರೆ ಅವಳಿಗೆ ತಿಳಿಯುತ್ತದೆ, ಆಮೇಲೆ ನನ್ನ ಯಾವ ಮಾತೂ ನಡೆಯುವುದಿಲ್ಲ.

ನಾಳೆ ಸೋಮವಾರ. ಹೆಂಡತಿ ನನ್ನ ಕಡೆ ನೋಡುವುದನ್ನೂ ಬಿಟ್ಟಿದ್ದಾಳೆ.

ಸಂಜೆ ಕಾಫಿ ನಾನೇ ಮಾಡಿದೆ. ಎರಡು ಲೋಟ, ಎರಡು ಕೈ. ಬಾಗಿಲು ಮುಚ್ಚಿತ್ತು. ತಿರುಗಿ ಹಿಮ್ಮಡಿಯಲ್ಲಿ ಒಂದು ಒದೆ ಕೊಟ್ಟೆ. ತೆರೆಯಿತು. ಚಿಲಕವೇ ಹಾಕಿರಲಿಲ್ಲ. ಇಷ್ಟು ದಿನವೂ ಹಾಕಿರಲಿಲ್ಲವೋ ಏನೋ.

ಮಗಳು ಹಾಸಿಗೆಯ ಮೇಲೆ ಕೂತಿದ್ದಳು. ನನ್ನ ಕಾಲು ನೋಡಿದಳು, ಲೋಟ ನೋಡಿದಳು.

“ಎಡಗಡೆ” ಎಂದೆ.

“ಏನು?”

“ಅದು ಬಲಗಡೆ ಅಗಿಯುತ್ತೆ. ತಪ್ಪು. ಎಡಗಡೆ ಅಗಿಯಬೇಕು. ಬಲಗಡೆ ನನಗೆ ಹಲ್ಲಿಲ್ಲ.”

ಒಂದು ಲೋಟ ಕೈಗೆ ತೆಗೆದುಕೊಂಡಳು. “ನಾನು ಇಲ್ಲಿದ್ದಾಗ ಬಲಗಡೆಯೇ ಅಗೀತಿದ್ರಿ. ನಂಗೆ ಚೆನ್ನಾಗಿ ನೆನಪಿದೆ. ಯಾವಾಗ ಹೋಯ್ತು ಹಲ್ಲು?”

“ನೀನು ಊರು ಬಿಟ್ಟ ವರ್ಷವೇ.”

“ಯಾರೂ ಹೇಳಲೇ ಇಲ್ಲ.”

“ಹಲ್ಲು ಕೀಳಿಸಿದ್ದಕ್ಕೆ ಡಂಗುರ ಹೊಡೆಸಬೇಕಿತ್ತಾ?”

ಕಣ್ಣೊರೆಸಿಕೊಂಡಳು. ಕಾಫಿ ಕುಡಿದಳು. ಸಕ್ಕರೆ ಹಾಕಿಲ್ಲ ಎಂದು ಮುಖ ಕಿವುಚಿದಳು. ಅದೇ ಮೂಗು, ಮೇಲಕ್ಕೆ.

“ಉಳಿದದ್ದು ಹೆಂಗಿತ್ತಪ್ಪಾ? ನಿಜ ಹೇಳಿ.”

“ಥೂ.”

ನಕ್ಕಳು. ಜೋರಾಗಿ. ಹೆಂಡತಿ ಅಡುಗೆಮನೆಯಿಂದ “ಏನಾಯ್ತು?” ಎಂದು ಓಡಿಬಂದಳು.


ಮಾರ್ಚ್ 17, ಸೋಮವಾರ, ಬೆಳಿಗ್ಗೆ

ಬರುತ್ತೀನಿ ಅಂತ ಸ್ಟುಡಿಯೋಗೆ ಹೇಳಿದ್ದಾಳೆ. ಮುಂದಿನ ಸಿನಿಮಾದಲ್ಲೂ ಹೇಸರಗತ್ತೆ ಇದೆಯಂತೆ. ಹಾಡೂ ಇದೆಯಂತೆ. ಕರ್ಮ.

ಎದುರು ಗೋಡೆಯಿಂದ ಆ ಬಾಯಿಬಡುಕ ಸರದಾರರನ್ನು ಕೊನೆಗೂ ಕೆರೆದು ಕಿತ್ತರು. ಪೀಡೆ ತೊಲಗಿತು. ಆದರೆ ಆ ಬಾಗಿಲಿನ ಹಾಡು ತಲೆಯಲ್ಲಿ ಹೊಕ್ಕು ಕೂತಿದೆ. ಬೆಳಿಗ್ಗೆ ಮುಖ ತೊಳೆಯುವಾಗ ಗುನುಗಿಬಿಟ್ಟೆ. ಅಸಹ್ಯ. ಹೆಂಡತಿ ಕೇಳಿಸಿಕೊಂಡಳು. ಸಾಯೋತನಕ ಎತ್ತಿ ಆಡುತ್ತಾಳೆ.

ಮಗಳು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕಾಗದ ಪೆನ್ಸಿಲು ಹಿಡಿದು ಕೂತಿದ್ದಾಳೆ. ಅಲ್ಲಾಡಬೇಡಿ ಎನ್ನುತ್ತಾಳೆ. ಡೈರಿ ಬರೆಯುವವನು ಅಲ್ಲಾಡದೆ ಹೇಗೆ ಬರೆಯಲಿ? ಕಡ್ಡಿಯನ್ನು ಎಡಗಡೆ ಇಟ್ಟುಕೊಂಡಿದ್ದೇನೆ, ನೋಡಿಕೊಳ್ಳಲಿ, ಈ ಸಲ ತಪ್ಪು ಮಾಡಿದರೆ ಮಾತ್ರ — ಈಗ ಬಾಯಿ ತೆರೆಯಬೇಕಂತೆ, ಯಾವ ಹಲ್ಲು ಅಂತ ಸರಿಯಾಗಿ ಕಾಣಬೇಕಂತೆ, ನಡುಬೀದಿಯಲ್ಲಿ. ಗೇಟಿನವನು ಬೇರೆ ನಿಂತು ನೋಡುತ್ತಿದ್ದಾನೆ. ಲೇ, ತೆರೆದೆ ಮಾರಾಯ್ತಿ, ತೆರೆ —