ಗೋಡೆ ಸಂದಿನ ಕೂದಲು

೧೯೩೧ ಡಿಸೆಂಬರ್ ೧೮, ಶುಕ್ರವಾರ. ಮಧುಗಿರಿ. ಸಂಜೆ

ಕ್ಷಮಿಸಬೇಕು. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ. ಫಿಸಿಕ್ಸ್ ನೋಟ್ಸಿಗೆಂದು ತಂದ ಪುಸ್ತಕ. ಹಿಂದಿನ ಹಾಳೆಯಿಂದ ಶುರು ಮಾಡಿದ್ದೇನೆ. ಬರೆದು ಆಗಬೇಕಾದ್ದೇನೂ ಇಲ್ಲ. ಆದರೆ ಬಾಯಿಬಿಟ್ಟು ಹೇಳುವಂತಿಲ್ಲ.

ಇವತ್ತೂ ಅದೇ ಆಯಿತು. ದೀಪ ಹಚ್ಚಿ ಅಮ್ಮ ಎಣ್ಣೆ ಬಟ್ಟಲು ಹಿಡಿದು ಜಗಲಿಗೆ ಬಂದಳು. ನಾನು ಮಫ್ಲರ್ ಬಿಗಿ ಮಾಡಿಕೊಂಡೆ. ತಲೆಯಲ್ಲಿ ಹುಣ್ಣು, ಹಾಸ್ಟೆಲ್ ಡಾಕ್ಟರು ಎಣ್ಣೆ ಮುಟ್ಟಿಸಬೇಡ ಅಂದಿದ್ದಾರೆ... ರಜಕ್ಕೆ ಬಂದಾಗಿನಿಂದ ಇದೇ ಸುಳ್ಳು. ಎಲ್ಲಿ, ತೋರಿಸು ಅಂದಳು. ಇನ್‌ಫೆಕ್ಷಸ್ ಅಂದೆ. ಅರ್ಥವಾಗದ ಇಂಗ್ಲಿಷಿಗೆ ಅವಳು ಎದುರಾಡುವುದಿಲ್ಲ. ಬಟ್ಟಲು ತುಂಬಿದ್ದು ತುಂಬಿದಂತೆ ಒಳಗೆ ಹೋಯಿತು.

ಮಫ್ಲರಿನ ಕೆಳಗೆ ಹುಣ್ಣಿಲ್ಲ. ಜುಟ್ಟೂ ಇಲ್ಲ. ಕ್ರಾಪು.

ಡಿ. ೧೯, ಶನಿವಾರ

ಇಡೀ ಹಾಸ್ಟೆಲಿನಲ್ಲಿ ಜುಟ್ಟು ಉಳಿದಿದ್ದದ್ದು ಅಡುಗೆ ಭಟ್ಟರಿಗೆ ಮತ್ತು ನನಗೆ. ಹಿಂದಿನ ಬೆಂಚಿನವರು ಅದಕ್ಕೆ ಪೆನ್ಸಿಲ್ ಸಿಕ್ಕಿಸುತ್ತಿದ್ದರು. ಲೆಕ್ಚರರೂ ಒಂದು ದಿನ ನಕ್ಕರು. ದಸರಾ ಮುಗಿದ ಮೇಲೆ ಕಂಟೋನ್ಮೆಂಟಿನ ಸಲೂನಿಗೆ ಹೋಗಿ ತೆಗೆಸಿಬಿಟ್ಟೆ. ಕುತ್ತಿಗೆಗೆ ಗಾಳಿ ತಾಗಿ ಖುಷಿಯಾಗಿತ್ತು. ಫಸ್ಟ್ ಇಯರ್ ಇಂಟರ್‌ಮೀಡಿಯೆಟ್ ಅಂದರೆ ಇದೇ ಅನ್ನಿಸಿತ್ತು.

ಇಪ್ಪತ್ತೆಂಟನೇ ತಾರೀಕು ಅಪ್ಪನ ಶ್ರಾದ್ಧ. ಕೊರಟಗೆರೆಯಿಂದ ದೊಡ್ಡಪ್ಪ ಜಯರಾಮಯ್ಯ ಬರುತ್ತಾರೆ, ಜೊತೆಗೆ ಇಬ್ಬರು ಬ್ರಾಹ್ಮಣರು. ಅಪ್ಪನ ಸ್ಥಾನದಲ್ಲಿ ಕೂತು ಉಣ್ಣಬೇಕಾದವರು. ಶಿಖೆ ಕಟ್ಟದೆ ಸಂಕಲ್ಪವಿಲ್ಲ. ಜುಟ್ಟಿಲ್ಲದವನ ಕೈಯ ಎಳ್ಳುನೀರು ಕಂಡರೆ ಎದ್ದು ಹೋಗುತ್ತಾರೆ. ನಾನೊಬ್ಬನೇ ಮಗ. ಅಪ್ಪ ಹಸಿದು ವಾಪಸು ಹೋಗುತ್ತಾನೆ. ನಾನು ನಂಬುತ್ತೇನೋ ಇಲ್ಲವೋ, ಗೊತ್ತಿಲ್ಲ. ಅಮ್ಮ ನಂಬುತ್ತಾಳೆ. ವರ್ಷವೆಲ್ಲ ಅವಳು ಕಾಯುವ ದಿನ ಅದೊಂದೇ.

ಇನ್ನೊಂದು. ಅಪ್ಪ ಹೋದ ಹತ್ತನೆಯ ದಿನ ಅಮ್ಮನ ತಲೆ ಬೋಳಿಸಿದರು. ಆಗ ಅಳಲಿಲ್ಲ. ಆಮೇಲೊಂದು ಸಂಜೆ ನನ್ನ ಜುಟ್ಟು ಬಾಚುತ್ತಾ ಹೇಳಿದಳು, "ಈ ಮನೇಲಿ ಇನ್ನು ಕೂದಲು ಅಂತ ಇರೋದು ನಿಂದೊಂದೇ, ನಾಯನಾ." ತವರು ನಾಗಲಮಡಿಕೆ, ತೆಲುಗು ಸೀಮೆಯ ಅಂಚು. ಮುದ್ದು ಬಂದರೆ ತೆಲುಗು.

ಅದನ್ನು ಸಲೂನಿನವನು ಪೊರಕೆಯಲ್ಲಿ ಗುಡಿಸಿದ.

ಡಿ. ೨೧, ಸೋಮವಾರ

ಶಿರಾಕ್ಕೆ ಹೋಗಿಬಂದೆ. ಅಮ್ಮನಿಗೆ ಪುಸ್ತಕ ತರಲು ಅಂದಿದ್ದೆ. ನಸ್ರುಲ್ಲಾ ನನ್ನ ಕ್ಲಾಸಿನವನು, ನನ್ನ ಬೆಂಚಿನವನು. ಅವನ ತಾಯಿ ಅಫ್ಜಲುನ್ನೀಸಾ ಹೆಂಗಸರ ಜಡೆಗೆ ಚೌರಿ ಕಟ್ಟುತ್ತಾರೆ, ನಾಟಕದ ಕಂಪನಿಗಳಿಗೂ ಕೂದಲು ಕಟ್ಟಿಕೊಡುತ್ತಾರೆ. ಮಗನ ವಾರಿಗೆಯವನು ಅಂತ ಪರದೆ ಸರಿಸಿ ಅಂಗಳಕ್ಕೆ ಬಂದರು. ನನಗೊಂದು ಜುಟ್ಟು ಕಟ್ಟಿಕೊಡಿ ಅಂದೆ.

ಬಿಸಿಲಲ್ಲಿ ಕೂರಿಸಿದರು. ನನ್ನದೊಂದು ಕೂದಲು ಕಿತ್ತು ಬಿಳಿ ಬಟ್ಟೆಯ ಮೇಲಿಟ್ಟರು. ಪಕ್ಕದಲ್ಲಿ ಒಂದೊಂದೇ ಚೌರಿ. ಮೊದಲನೆಯದು ಕಾಗೆ ಕಪ್ಪು. ನನ್ನದು ನೆರಳಲ್ಲಿ ಮಾತ್ರ ಕಪ್ಪು, ಬಿಸಿಲಿಗೆ ಕೆಂಚು. ಎರಡನೆಯದಕ್ಕೆ ಮೆಹಂದಿ ಹಾಕಿದ್ದರು, ಇಟ್ಟಿಗೆ ಪುಡಿ ಮೆತ್ತಿದಂತಿತ್ತು. ಮೂರನೆಯದರ ಬಣ್ಣ ಹತ್ತಿರ ಬಂತು. ಮುಟ್ಟಿದರೆ ಕುದುರೆ ಬಾಲ. ನೆತ್ತಿಗೆ ಇಟ್ಟು ನೋಡಿದ ನಸ್ರುಲ್ಲಾ ಆಚೆ ತಿರುಗಿ ಕೆಮ್ಮಿದ. ನಗು.

"ಬಣ್ಣ ಹಾಕಿ ತರ್‌ಬೋದು ಬೇಟಾ, ನಯ ಎಲ್ಲಿಂದ ತರ್ಲಿ? ನಿಮ್ ಮನೇಲಿ ಇಂಥಾ ಬಾಲು, ಇಂಥಾ ಕೂದ್ಲು ಯಾರ್ದು?" ಅಂದರು.

ಅಮ್ಮನದು ಅಂದೆ. ಈಗಿಲ್ಲ ಅಂದೆ. ಅವರು ಚೌರಿಗಳನ್ನು ಸುತ್ತಿಟ್ಟರು. ಹಿಂದೆ ಉದುರಿದ್ದೇನಾದರೂ ಉಳಿದಿದ್ದರೆ ತಾ, ನೋಡೋಣ ಅಂದರು.

ಮೋಟಾರು ಬಸ್ಸಿನವರೆಗೆ ನಸ್ರುಲ್ಲಾ ಬಂದ. "ಯಾರ್, ಕಟ್ ಮಾಡ್ಸೋಕೆ ಐದು ನಿಮಿಷ, ಕಟ್ಸೋಕೆ ಎರಡು ತಾಲ್ಲೂಕು." ನಗು ಬರಲಿಲ್ಲ. ಮೋಟಾರು ಹೊರಟ ಮೇಲೆ ಬಂತು, ಒಬ್ಬನಿಗೇ. ಪಕ್ಕದವನು ಜರುಗಿ ಕೂತ.

ಡಿ. ೨೨, ಮಂಗಳವಾರ. ಮಧ್ಯಾಹ್ನ

ಬಚ್ಚಲ ಗೋಡೆ. ಅಪ್ಪ ಬದುಕಿದ್ದ ದಿನಗಳಲ್ಲಿ ಅಮ್ಮ ಬಾಚಿದಾಗ ಉದುರಿದ್ದನ್ನು ಬೆರಳಿಗೆ ಸುತ್ತಿ, ಥೂ ಅಂತ ಉಗಿದು, ಕಲ್ಲಿನ ಸಂದಿಗೆ ತುರುಕುತ್ತಿದ್ದಳು. ಸೂಜಿ ಪಿನ್ನಿನವಳು ಬಂದರೆ ಅದನ್ನು ಕೊಟ್ಟು ಸೂಜಿ ಕೊಳ್ಳುವುದು. ಕೊನೆಯ ವರ್ಷದ್ದು ಹಾಗೇ ಇರಬೇಕು ಅನ್ನಿಸಿತು. ಅವಳು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಕಡ್ಡಿಯಲ್ಲಿ ಕೆದಕಿದೆ.

ಇತ್ತು. ಉಂಡೆ ಉಂಡೆ. ಧೂಳು, ಜೇಡರ ಬಲೆ. ಒಂದನ್ನು ಬಿಡಿಸಿ ಬಿಸಿಲಿಗೆ ಹಿಡಿದೆ. ನನ್ನದೇ. ಅಲ್ಲ, ಅವಳದು. ಹೇಳಲಾಗುವುದಿಲ್ಲ.

ಕೈ ತೊಳೆದೆ. ಮತ್ತೆ ತೊಳೆದೆ. ಪೊಟ್ಟಣ ಕಟ್ಟಿ ಶಿರಾಕ್ಕೆ ಮೋಟಾರು ಓಡಿಸುವ ಕರೀಮ್ ಸಾಬರ ಕೈಲಿ ನಸ್ರುಲ್ಲಾನಿಗೆ ಕಳಿಸಿದೆ. ಹಗುರ ಇದೆಯಲ್ಲ, ಹತ್ತಿಯಾ ಅಂದರು. ಹೌದು ಅಂದೆ.

ಡಿ. ೨೩, ಬುಧವಾರ

ಶ್ರಾದ್ಧಕ್ಕೆ ಮುಂಚಿನ ಕ್ಷೌರ. ತಾತನ ಕಾಲದಿಂದ ನಮ್ಮ ಮನೆಗೆ ಬರುವ ಮನೆತನದವನು ದೊಡ್ಡರಂಗಪ್ಪ. ಹಿತ್ತಲಲ್ಲಿ ಮಫ್ಲರ್ ತೆಗೆದೆ. ಕತ್ತಿ ಮಸೆಯುತ್ತಿದ್ದವನು ನಿಲ್ಲಿಸಿದ.

"ಏನ್ ಸ್ವಾಮೀ, ಮೊಳ್ತು ನೀರಿಲ್ದೆ ನಿಂತಿರೋ ರಾಗಿ ಹೊಲ ಆದಂಗ್ ಆಗೈತಲ್ಲ. ಯಾವೋನು ಕುಯ್ದೋನು?"

ಸಲೂನು ಅಂದೆ. ಕುರ್ಚಿ ಮೇಲೆ ಕೂರಿಸಿ ಕುಯ್ದನೋ, ನಿಲ್ಲಿಸಿ ಕುಯ್ದನೋ ಅಂತ ಕೇಳಿದ. ಎಲ್ಲ ಹೇಳಿದೆ, ಹೊಸ ಜುಟ್ಟಿನ ವಿಷಯವನ್ನೂ. ಸುತ್ತ ಬೋಳಿಸಿ ನೆತ್ತಿಯಲ್ಲಿ ದುಂಡಗೆ ಒಂದಿಷ್ಟು ಬಿಟ್ಟ, ಕಟ್ಟಲು ಬುಡ ಬೇಕಲ್ಲ. ಅಮ್ಮನಿಗೆ ಹೇಳಬೇಡ ಅಂದೆ.

"ಯೋಳಾಕೆ ಅವ್ವಾರು ಕೇಳ್ಬೇಕಲ್ಲಪ್ಪಾ. ಅವತ್ತಿಂದ ನನ್ ಮಕ ನೋಡಿಲ್ಲ ಅವ್ರು."

ಅವತ್ತು ಅಂದರೆ ಯಾವತ್ತು ಅಂತ ತಕ್ಷಣ ಹೊಳೆಯಲಿಲ್ಲ. ಅಮ್ಮನ ತಲೆ ಬೋಳಿಸಿದ ಕೈಯೂ ಇದೇ.

ಡಿ. ೨೬, ಶನಿವಾರ

ನಿನ್ನೆ ಮತ್ತೆ ಶಿರಾ. ಆಯಿತು. ಅಫ್ಜಲುನ್ನೀಸಾ ಉಂಡೆಗಳನ್ನು ಹರಳೆಣ್ಣೆಯಲ್ಲಿ ನೆನೆಸಿ ಎಳೆಎಳೆಯಾಗಿ ಬಿಡಿಸಿದ್ದರು. ಕಣ್ಣು ಕೆಂಪಗಾಗಿತ್ತು. ನನ್ನ ನೆತ್ತಿಗೂ ಎಣ್ಣೆ ಸವರಿ, ರೇಷ್ಮೆ ದಾರದಲ್ಲಿ ಬಿಗಿದು, ಬುಡಕ್ಕೆ ಗೋಂದು ಹಚ್ಚಿದರು. ಹಿಂದೊಂದು ಮುಂದೊಂದು ಕನ್ನಡಿ. ನನ್ನದು ಎಲ್ಲಿ ಮುಗಿಯಿತು, ಅದು ಎಲ್ಲಿ ಶುರುವಾಯಿತು, ನನಗೇ ಗೊತ್ತಾಗಲಿಲ್ಲ. ಪರ್ಫೆಕ್ಟ್. ನಸ್ರುಲ್ಲಾ ಜಗ್ಗಿ ನೋಡಿದ. ಬರಲಿಲ್ಲ.

ಇವತ್ತು ಸಂಜೆ ಮಫ್ಲರ್ ಇಲ್ಲದೆ ಜಗಲಿಯಲ್ಲಿ ಕೂತೆ. ಹುಣ್ಣು ವಾಸಿಯಾಯಿತು ಅಂದೆ. ಅಮ್ಮ ಬಟ್ಟಲು ತಂದು ಹಿಂದೆ ಕೂತಳು. ಬುಡ ಮುಟ್ಟಬೇಡ, ಇನ್ನೂ ಹಸಿ ಇದೆ ಅಂದೆ. ತುದಿ ಮಾತ್ರ ಬಾಚಿದಳು.

"ನನ್ನ ಕೂದಲೇ ಕಣೋ ನಿಂದು," ಅಂದಳು. "ಹಾಗ್ಹಾಗೇ ಇಳಿದಿದೆ."

ಮುಖ ಕಾಣಲಿಲ್ಲ. ಕೈ ಮಾತ್ರ ಬಹಳ ಹೊತ್ತು ಅಲ್ಲೇ ಇತ್ತು. ಎಲ್ಲ ಸರಿಹೋಗುತ್ತದೆ ಅಂತ ಬರೆಯಲು ಕೂತೆ...

ಡಿ. ೩೦, ಬುಧವಾರ

ನೀರು. ನೀರನ್ನು ಯಾರೂ ನೆನೆಯಲಿಲ್ಲ.

ಶ್ರಾದ್ಧದ ದಿನ ಕರ್ತೃವಿನ ತಲೆಯಲ್ಲಿ ಎಣ್ಣೆ ಇರುವಂತಿಲ್ಲ. ಬಾವಿಕಟ್ಟೆಯಲ್ಲಿ ತಣ್ಣೀರು, ಒದ್ದೆ ಪಂಚೆ, ಒದ್ದೆ ತಲೆ. ಹೋದ ವರ್ಷವೂ ನಾನೇ ಮಾಡಿದ್ದೆ. ಸ್ವಂತ ಕೂದಲು ಒದ್ದೆಯಾಗುವುದನ್ನು ಯಾರು ಗಮನಿಸುತ್ತಾರೆ? ಅಫ್ಜಲುನ್ನೀಸಾರಿಗೆ ನಮ್ಮ ಶಾಸ್ತ್ರ ಗೊತ್ತಿಲ್ಲ. ಚೌರಿ ಇಟ್ಟುಕೊಂಡು ತಲೆಗೆ ನೀರು ಹುಯ್ದುಕೊಳ್ಳುವವರನ್ನು ಅವರು ಕಂಡಿಲ್ಲ. ಹೇಳಬೇಕಾದವನು ನಾನು. ಎಣ್ಣೆ ಹಚ್ಚಿ ಜೋಡಿ ನೋಡಿದೆವು, ಎಣ್ಣೆ ಹಚ್ಚಿ ಖುಷಿಪಟ್ಟೆವು.

ಮೊನ್ನೆ ತಲೆ ಜಿಡ್ಡಾಗಿದೆ ಅಂತ ದೊಡ್ಡಪ್ಪನೇ ಸೀಗೆಪುಡಿ ಕೊಟ್ಟು, ನಿಂತು ನೀರು ಹುಯ್ದರು. ಉದುರಿದ ಕೂದಲಿಗೆ ಬುಡ ಯಾವ ಕಡೆ, ತುದಿ ಯಾವ ಕಡೆ? ಎಳೆಗಳು ತಲೆಕೆಳಗಾಗಿ ಬೆರೆತಿದ್ದವು. ಜಿಡ್ಡಿರುವವರೆಗೆ ಜಾರಿಕೊಂಡಿತ್ತು. ಜಿಡ್ಡು ಹೋದದ್ದೇ ಒಂದನ್ನೊಂದು ಕಚ್ಚಿಕೊಂಡಿತು. ನನ್ನದು ನೆತ್ತಿಗೆ ಅಂಟಿತು. ಅದು ತೆಂಗಿನ ನಾರಿನ ಹಾಗೆ ಸೆಟೆದು ಗಂಟಾಯಿತು.

ಬ್ರಾಹ್ಮಣರು ಕೂತಿದ್ದರು. ದೊಡ್ಡಪ್ಪ ಶಿಖೆ ಕಟ್ಟಿಕೋ ಅಂದರು. ಕೈ ಮೇಲೆ ಹೋಯಿತು. ಕಟ್ಟಲು ಬರಲಿಲ್ಲ. ಎಳೆದೆ. ಗೋಂದು ಕರಗಿತ್ತು. ಇಡೀ ಗಂಟು ಕೈಗೆ ಬಂತು. ಕೈಯಿಂದ ಎಳ್ಳಿನ ತಟ್ಟೆಗೆ.

ಬ್ರಾಹ್ಮಣರಿಬ್ಬರೂ ಉತ್ತರೀಯ ತೆಗೆದುಕೊಂಡು ಎದ್ದರು. ಅಪ್ಪನ ಸ್ಥಾನದಲ್ಲಿ ಕೂತಿದ್ದವರು ನನ್ನ ಮುಖ ನೋಡದೆ ದಾಟಿದರು.

ಯಾರ ಕೈಲಿ ಹೆಣೆಸಿದೆ ಅಂತ ದೊಡ್ಡಪ್ಪ ಕೇಳಿದರು. ಹೇಳಲಿಲ್ಲ. ಮತ್ತೆ ಕೇಳಿದರು. ಹೇಳಲಿಲ್ಲ.

"ಅರ್ಧ ಇಂಗ್ಲಿಷಿಗೇ ಜುಟ್ಟು ಹೋಯ್ತು. ಪೂರ್ತಿ ಕಲಿ, ಜನಿವಾರಾನೂ ಹೋಗ್ಲಿ. ನಿಮ್ಮಪ್ಪ ಬಾಗಿಲ ತನಕ ಬಂದು ಹಾಗೇ ಹೋದ ಕಣೋ."

ಗಂಟನ್ನು ಕಡ್ಡಿಯಲ್ಲಿ ಎತ್ತಿ ಅಂಗಳಕ್ಕೆ ಎಸೆದರು. ಅಡುಗೆಮನೆ ಬಾಗಿಲಲ್ಲಿ ಅಮ್ಮ ಮಡಿಯಲ್ಲಿ ನಿಂತಿದ್ದಳು. ಮಡಿ ಬಿಟ್ಟು ಅಂಗಳಕ್ಕಿಳಿದಳು. ಎತ್ತಿಕೊಂಡಳು. ಒಂದೆಳೆ ಬಿಡಿಸಿ ಬಿಸಿಲಿಗೆ ಹಿಡಿದಳು.

"ಇದು ನಂದು," ಅಂದಳು.

ಬಚ್ಚಲ ಕಡೆ ನೋಡಿದಳು, ಅಷ್ಟೇ.

೧೯೩೨ ಜನವರಿ ೩, ಭಾನುವಾರ

ಅಮ್ಮ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಅವಳ ನ್ಯಾಯವೇ ಬೇರೆ. ತಲೆ ಬೋಳಿಸಿದ ದಿನ ಕೂದಲೆಲ್ಲ ಹೋಗಬೇಕಿತ್ತು, ಗೋಡೆಯಲ್ಲಿ ಉಳಿಯಿತು, ಉಳಿದದ್ದು ಬಂದು ಗಂಡನ ಎಳ್ಳಿಗೆ ಬಿತ್ತು. ನೀನು ಮರೆತಿದ್ದೆ, ಅದು ತಪ್ಪಲ್ಲ ಅಂದೆ.

"ಮರೆತಿರ್ಲಿಲ್ಲ ಕಣೋ. ಇದೆ ಅಂತ ಗೊತ್ತಿತ್ತು. ಸ್ನಾನಕ್ಕೆ ಹೋದಾಗ ಒಂದ್ಸಲ ಬೆರಳಿಟ್ಟು ನೋಡ್ತಿದ್ದೆ."

ನಡೆದದ್ದೆಲ್ಲ ಹೇಳಿದೆ. ಸಲೂನು, ಸುಳ್ಳು ಹುಣ್ಣು, ಶಿರಾ. ಎಲ್ಲ ನನ್ನದೇ ಅಂದೆ. ನೀನು ಹುಡುಗ ಅಂದಳು.

ನಿನ್ನೆ ಸೋದರಮಾವ ಗಾಡಿ ತಂದರು. ನಾಗಲಮಡಿಕೆಗೆ ಹೋದಳು. ಮುಂದಿನ ಶ್ರಾದ್ಧದವರೆಗೆ ಒಂದೇ ಹೊತ್ತು, ಉಪ್ಪಿಲ್ಲದ ಅನ್ನವಂತೆ. ಹೊರಡುವ ಮುಂಚೆ ಬಚ್ಚಲ ಗೋಡೆಯ ಸಂದುಗಳಿಗೆಲ್ಲ ಮಣ್ಣು ಮೆತ್ತಿದಳು. ನಾನು ಮಣ್ಣು ಕಲಸಿಕೊಟ್ಟೆ. ಬೇಡ ಅನ್ನಲಿಲ್ಲ.

ಜನವರಿ ೧೭, ಭಾನುವಾರ

ಕಾಲೇಜು ತೆಗೆದಿದೆ. ಹೋಗಿಲ್ಲ. ನಸ್ರುಲ್ಲಾನ ಎರಡು ಕಾಗದ ಬಂದಿವೆ, ಅಟೆಂಡೆನ್ಸ್ ಶಾರ್ಟೇಜ್ ಅಂತ.

ಬೆಳಿಗ್ಗೆ ಮಾವನ ಕಾರ್ಡು. ಅಮ್ಮ ಒಂದು ಹೊತ್ತಿನದನ್ನೂ ಬಿಟ್ಟಿದ್ದಾಳೆ. ಎಷ್ಟು ಚೆಪ್ಪಿದರೂ ವಿನದು, ಹೇಳಿದ್ದು ಕೇಳುವುದೇ ಇಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಾಳೆ. ನೀನು ಬರಬೇಡ, ನಿನ್ನ ತಲೆ ಕಂಡರೆ ಅವಳಿಗೆ ಅದೇ ನೆನಪು.

ಎರಡು ಕಾರ್ಡು ಬರೆದು ಹರಿದೆ. ಇಲ್ಲಿ ಬರೆದು ನೋಡಿ ಆಮೇಲೆ ಇಳಿಸುತ್ತೇನೆ.

ಅಮ್ಮಾ, ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀನು ಊಟ ಬಿಟ್ಟಿದ್ದೀಯಂತೆ. ಅಪ್ಪನಿಗೆ ತಪ್ಪಿದ ಊಟ ನೀನು ಬಿಟ್ಟರೆ ಅವನಿಗೆ ಸೇರುವುದಿಲ್ಲ. ಸೇರುತ್ತದೆ ಅಂತ ಯಾರಾದರೂ ಹೇಳಿದ್ದರೆ ಅವರ ಹೆಸರು ಬರೆಸು, ನಾನು ಹೋಗಿ ಕೇಳುತ್ತೇನೆ. ನಿನ್ನ ಕೂದಲು ಏನೂ ಮಾಡಲಿಲ್ಲ. ಅದರ ಪಾಡಿಗೆ ಅದು ಗೋಡೆಯಲ್ಲಿತ್ತು. ನನ್ನದು ಬೆಳೆಯುತ್ತಿದೆ. ಗಂಟು ಕಟ್ಟುವಷ್ಟಾಗಲು ವರ್ಷವೇ ಬೇಕು. ಅಲ್ಲಿಯವರೆಗೆ ನೀನು ಇರಬೇಕು. ಒಂದು ತುತ್ತು ತಿಂದೆ ಅಂತ ಮಾವನ ಕೈಲಿ ಒಂದು ಸಾಲು ಬರೆಸು, ಬೇರೇನೂ ಬೇಡ. ಬೇಗ ಉತ್ತರ ಬರೆಸು.