ಅತ್ತೆ ಎತ್ತಿದ ಎಲೆ

ಸದಾಶಿವ ಪೇಠೆ, ಪುಣೆ
ಮಂಗಳವಾರ, ೭ ಆಗಸ್ಟ್ ೧೯೩೪

ಊಟದ ಹೊತ್ತಿಗೆ ಮತ್ತೆ ಅದೇ ಮಾತು ಎದ್ದಿತು. ಮಾವನವರ ಊಟದಲ್ಲಿ ವಿಷ ಹಾಕಿ ಕೊಂದಳೆಂದು ಅಡಿಗೆಯ ಕೃಷ್ಣಾಬಾಯಿ ಜೈಲು ಸೇರಿ ಹತ್ತು ವರ್ಷವಾಗುತ್ತ ಬಂತು. ನಾನು ಆಗಿನ್ನೂ ಈ ಮನೆಗೆ ಬಂದಿರಲಿಲ್ಲ. ಇವತ್ತು ಮುಟ್ಟಾಗಿ ಹೊರಗೆ ಕೂತಿದ್ದರಿಂದ ಹಿಂದಿನ ಕೋಣೆಯಿಂದಲೇ ಎಲ್ಲ ಕೇಳಿಸಿಕೊಂಡೆ.

“ಆಕಿ ವಿಷಾ ಹಾಕ್ಯಾಳಂತ ನನಗಿನ್ನೂ ನಂಬಿಕಿ ಇಲ್ಲ,” ಎಂದರು ಮಾವನವರ ತಮ್ಮ ಅವಧೂತ ಕಾಕಾ.

ನಮ್ಮವರು ರೇಗಿದರು. “ಅಡಿಗಿಮನ್ಯಾಗ ಮತ್ತ ಯಾರಿದ್ರು, ಕಾಕಾ? ಅವ್ವ ಆವತ್ತ ಹೊರಗ ಕೂತಿದ್ಲು. ಕೋರ್ಟಿನ್ಯಾಗೂ ಅದನ್ನ ಹೇಳ್ಯಾಳ.”

ಬಡಿಸುತ್ತಿದ್ದ ಅತ್ತೆ ನಡುವೆ ಬಂದರು. “ಸಾಕ ಬಿಡ್ರಿ. ಒಂದಗಳ ಬಿಡಲಾರದ ಉಂಡು ಎದ್ದಿದ್ರು. ಅವರ ಎಲಿ ಎತ್ತಿ ನೆಲಾ ಸಾರಿಸಿದಾಕಿ ನಾನ.”

ಗಂಡಸರು ಮಜ್ಜಿಗೆ ಕಲಸಿಕೊಂಡರು. ಹೊರಗೆ ಕೂತವಳು ಗಂಡನ ಎಲೆ ಎತ್ತುತ್ತಾಳೆಯೇ? ಇವತ್ತು ನನ್ನ ಸೆರಗು ತಗುಲಿತೆಂದು ಎರಡನೆಯ ಸಲ ಸ್ನಾನ ಮಾಡಿದವರು ಅತ್ತೆ.

ಗಾಬರಿಯಲ್ಲಿ ಮೈಲಿಗೆ ಮರೆತಿದ್ದರೇನೋ. ಆದರೆ ಮಾವನವರು ಉಂಡು ಎದ್ದಾಗ ಗಾಬರಿಯಾಗುವಂಥದ್ದು ಏನಿತ್ತು?

ನಮ್ಮವರಿಗೆ ಹೇಳಿದರೆ ನಾನು ತವರಿಗೆ ಹೋಗಬೇಕಾಗುತ್ತದೆ. ಹೇಳದಿದ್ದರೆ ಕೃಷ್ಣಾಬಾಯಿ ಅಲ್ಲೇ...

ಆಮೇಲೆ ನನಗೆ ಅನ್ನ ಹಾಕಲು ಬಂದ ಅತ್ತೆ ಬಾಗಿಲಲ್ಲೇ ನಿಂತರು.

“ಅವರ ಮಾತು ಇಲ್ಲಿಗೆ ಕೇಳಸ್ತೇನ?”

“ಇಲ್ರಿ,” ಎಂದೆ.

ನಾನು ಉಂಡು ಮುಗಿಸುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ನಾಳೆಯೂ ನಾಡಿದ್ದೂ ಅವರು ಮೇಲಿಂದ ಹಾಕಿದ್ದನ್ನೇ ನಾನು ಉಣ್ಣಬೇಕು.