ಬೇವೂರು ದಾರಿಯ ತೆಗ್ಗು

ಅಪ್ಪಾ,

ನೀನು ಓದುವುದಿಲ್ಲ, ಗೊತ್ತು. ಆದರೂ ಹೇಳದೆ ಇರಲಾರೆ.

ಇವತ್ತು ಅವ್ವನನ್ನು ಸ್ಕೂಟಿ ಮೇಲೆ ಬೇವೂರಿಗೆ ಕರೆದೊಯ್ದೆ. ಅವಳ ತಲೆಯ ಸೆರಗಿನ ಮೇಲೆ ನಿನ್ನ ಹೆಲ್ಮೆಟ್ಟು! ನಿನ್ನನ್ನು ನುಂಗಿದ ಆ ತೆಗ್ಗಿನ ಹತ್ತಿರ ರೂಢಿಯಂತೆ ನಾನು ಗಾಡಿ ಸೊಟ್ಟ ತಿರುಗಿಸಿದೆ, ಅವ್ವ ಸೀಟಿನಿಂದ ಅರ್ಧ ಎದ್ದಳು. ಪೊಲೀಸನೊಬ್ಬ ಸೀಟಿ ಊದಿದ.

“ಹಿಂಗ್ಯಾಕ ಹಾವಿನಂಗ ಹೊಂಟೀರಿ?”

“ತೆಗ್ಗು ಐತಲ್ರೀ!” ಎಂದಳು ಅವ್ವ.

“ಎಲ್ಲೈತಿ ಯವ್ವಾ? ಮೊನ್ನೆನ ಮುಚ್ಚ್ಯಾರ.”

ತಿರುಗಿ ನೋಡಿದರೆ ಹೊಸ ಡಾಂಬರು. ಮೂವರೂ ಬಿದ್ದು ಬಿದ್ದು ನಕ್ಕೆವು. ಅವ್ವ ಹಟ ಹಿಡಿದು ನನ್ನ ಕೈಯಿಂದ ಗಾಡಿ ಹೊರಳಿಸಿ, ಈ ಸಲ ಅದರ ಮೇಲೆಯೇ ಓಡಿಸಿದಳು. ಹೊಟ್ಟೆಯ ನೀರು ಅಲುಗಲಿಲ್ಲ!

“ಹೆಲ್ಮೆಟ್ ಛಲೋ ಐತಿ. ಹೊಸಾದೇನು?” ಎಂದ ಪೊಲೀಸ.

ಅವ್ವ ಇನ್ನೂ ನಗುತ್ತಲೇ ಇದ್ದಳು.

“ಹೊಸಾದ ಐತ್ರೀ. ರುಮಾಲು ಕೆಡತೈತಿ ಅಂತ ಇವರಪ್ಪ ಒಮ್ಮೆನೂ ಹಾಕಲಿಲ್ಲ.”